ಕಾರಣವನ್ನು ಎಲ್ಲಿ ಅರಸುವೆವು?

ಪರರ ನಡತೆಯನ್ನು ಕಂಡೊಡನೆ ಅದರ ಕಾರಣವನ್ನು ಅವರ ಸ್ವಭಾವದಲ್ಲಿ ಅರಸಬೇಕೋ ಸಂದರ್ಭದಲ್ಲಿ ಅರಸಬೇಕೋ ಎಂಬ ಜಿಜ್ಞಾಸೆಯನ್ನು ಫ್ರಿಟ್ಸ್ ಹೈಡರ್ 1958ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ವಿವೇಚಿಸಿದರು. ಸ್ವಭಾವವನ್ನೇ ಹೊಣೆಮಾಡುವ ಒಲವು ಮನುಷ್ಯಮಾತ್ರರಿಗೆಲ್ಲ ಸಹಜವೆಂದು ಪಾಶ್ಚಾತ್ಯ ಪಂಡಿತರನೇಕರು ಆ ಬಳಿಕ ನಂಬಿದ್ದರು. ಆದರೆ ಜೋನ್ ಮಿಲ್ಲರ್ ಎಂಬ ವಿದುಷಿಯು ಷಿಕಾಗೋ ನಗರದವರನ್ನೂ ನಮ್ಮ ಮೈಸೂರಿನವರನ್ನೂ ವಿಚಾರಿಸಿ 1984ರಲ್ಲಿ ಪ್ರಕಟಿಸಿದ ಅಧ್ಯಯನವು ಆ ನಂಬಿಕೆಯನ್ನು ಅಲುಗಿಸಿತು. ತನ್ನ ಮೋಟಾರ್ ಸೈಕಲ್ಲಿನಿಂದ ಬಿದ್ದ ಹಿಂಬದಿಯ ಸವಾರನನ್ನು ಆಸ್ಪತ್ರೆಯಲ್ಲಿ ಬಿಟ್ಟು ನ್ಯಾಯಾಲಯಕ್ಕೆ ತೆರಳಿದ ವಕೀಲನೊಬ್ಬನನ್ನು, ಗಾಯಾಳು ಮೃತನಾದನೆಂದು ಕೇಳಿ, ಅಲ್ಲಿಯವರು ಹೆಚ್ಚಾಗಿ ಹೊಣೆಗೇಡಿಯೆಂದು ಹಳಿದರೆ, ಇಲ್ಲಿಯವರು ಹೆಚ್ಚಾಗಿ ಅವನ ಕರ್ತವ್ಯವನ್ನೂ ಆ ಹೊತ್ತಿನ ಪರಿಸ್ಥಿತಿಯನ್ನೂ ಎತ್ತಿ ಹೇಳಿದರು. ಚಿಕ್ಕ ಮಕ್ಕಳಲ್ಲಿ ಮಾತ್ರ ಈ ಅಂತರವು ಅಷ್ಟಾಗಿ ಕಾಣಲಿಲ್ಲ. ಅದು ವಯಸ್ಸಿನೊಡನೆ ಬೆಳೆಯುವಂಥದು.

ಉದಾಹರಣೆಗೆ, ಮಿರ್ಲೆ ಎಂಬ ಹಳ್ಳಿಯ ಅಂಗಡಿ ಜಗಲಿಯ ಮುಂದೆ ಪರಿಚಿತನೊಬ್ಬನು ಮುಖವೆತ್ತದೆ ಸೈಕಲ್ಲು ತುಳಿದು ಹೋದನೆನ್ನಿ. "ಏನ್ ಕೊಬ್ಬು ನೋಡಣ್ಣ ಅವ್ನಿಗೆ" ಎಂದು ಕಿರಿಯನು ಗೊಣಗಿದರೆ, "ಸುಮ್ಕಿರಪ್ಪ, ನಾಲೇಲಿ ನೀರಿಲ್ದೆ ನಾಟಿ ನಿಂತೋಗೈತೆ, ಅವನ ತಲೇಲಿ ಏನೈತೋ" ಎಂದು ಹಿರಿಯರು ತಡೆಯುವುದುಂಟು. ಪುಸ್ತಕವನ್ನೋದದೆ ಹುಟ್ಟಿದ ಮನಶ್ಶಾಸ್ತ್ರವಿದು. ಆದರೂ ಈ ಔದಾರ್ಯವೆಲ್ಲ, ನನಗೆ ತೋರುವಂತೆ, ಯಾರ ಗದ್ದೆ ಯಾವ ನಾಲೆಯಡಿಯಲ್ಲಿದೆಯೆಂದು ನಾವು ಬಲ್ಲೆವೋ ಅವರಿಗಷ್ಟೇ ಸಲ್ಲುತ್ತದೆ. ಪರವೂರಿನವನು ಹಾಗೆಯೇ ಹೋಗಿದ್ದರೆ ಆ ಹಿರಿಯರೇ, "ಆ ಊರೋರೇ ಅಂಗೆ" ಎಂದುಬಿಡುತ್ತಿದ್ದರು.