ಚಿಕಿತ್ಸೆಯ ಮೂರನೆಯ ಪಾದ

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಹೇಳಿದೆ. ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬುವೇ ಆ ನಾಲ್ಕು. ಇವುಗಳಲ್ಲಿ ವೈದ್ಯನೇ ಪ್ರಧಾನನೆಂಬುದನ್ನು ಗ್ರಂಥವು ಮರೆಮಾಡುವುದಿಲ್ಲ. ಆದರೆ ಪರಿಚಾರಕನಿಗೂ ವೈದ್ಯನಿಗೆ ಎಣಿಸಿದಂತೆಯೇ ನಾಲ್ಕು ಗುಣಗಳನ್ನು ಎಣಿಸಿದೆ: ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶೌಚ. ಸೇವೆ ಮಾಡುವವರಿಗೆ ಮೊದಲು ಬೇಕಾದುದು ವಿಧೇಯತೆಯೆಂದು ನಮ್ಮಲ್ಲಿ ಅನೇಕರು ತಿಳಿದಿರುತ್ತಾರೆ. ಪೂರ್ವಿಕರಾದರೋ ತಿಳಿವಳಿಕೆಯನ್ನೇ ಮೊದಲಿಟ್ಟರು. ಈ ಕ್ರಮವು ವಿಚಾರಯೋಗ್ಯವಾದುದು.

ಹಲ್ಲುನೋವಿನಿಂದ ದಂತವೈದ್ಯರಲ್ಲಿಗೆ ಹೋದ ಗೃಹಸ್ಥರು ಕುರ್ಚಿಯ ಮೇಲೆ ಒರಗಿ ವೈದ್ಯರ ಮುಖವನ್ನೇ ನೋಡುತ್ತಾರೆ. ಮಗ್ಗುಲಲ್ಲಿ ನಿಂತ ಹುಡುಗಿಯನ್ನು ಯಾರೂ ಗಮನಿಸುವುದಿಲ್ಲ. ಬಾಯಲ್ಲಿ ತುಂಬುವ ನೀರನ್ನು ಸಣ್ಣ ಕೊಳವೆಯಿಂದ ಹೀರಿ, ನಾಲಗೆಯನ್ನೂ ಕೆನ್ನೆಯನ್ನೂ ಪಕ್ಕಕ್ಕೆ ಸರಿಸಿ ಹಿಡಿದು, ವೈದ್ಯರು ಕೇಳುವುದಕ್ಕೆ ಮೊದಲೇ ಬೇಕಾದ ಸಲಕರಣೆಯನ್ನು ಅವರ ಕೈಗೆ ಇಡುವವಳು ಅವಳೇ. ವೈದ್ಯರು ‘ಮೂವತ್ತಾರು’ ಎಂದರೆ ಅವಳು ಬರೆದುಕೊಳ್ಳುತ್ತಾಳೆ. ಮನುಷ್ಯನಿಗಿರುವ ಹಲ್ಲುಗಳು ಮೂವತ್ತೆರಡೇ ಅಲ್ಲವೆ, ಮೂವತ್ತಾರು ಎಲ್ಲಿಂದ ಬಂತು ಎಂದು ನಾವು ಒಮ್ಮೆ ಬೆರಗಾದೆವು. ಬಾಯನ್ನು ನಾಲ್ಕು ಭಾಗ ಮಾಡಿ, ಭಾಗಕ್ಕೊಂದು ಅಂಕೆ, ಹಲ್ಲಿಗೊಂದು ಅಂಕೆ ಕೊಟ್ಟಿರುತ್ತಾರಂತೆ. ಮೂರನೆಯ ಭಾಗವಾದ ಎಡಗಡೆಯ ಕೆಳದವಡೆಯಲ್ಲಿ ಆರನೆಯದು ಎಂದು ಇದರ ಅರ್ಥ. ವ್ಯಾಕರಣಸೂತ್ರಗಳಷ್ಟೇ ಅಡಕವಾದ ಈ ಸಂಕೇತದಲ್ಲಿ ಒಂದಂಕೆ ತಪ್ಪಿದರೆ ಬೇರೆ ಹಲ್ಲೇ ಆಗುತ್ತದೆ!

ಶೌಚವೆಂಬ ಗುಣಕ್ಕೂ ಇಂದು ಶಾಸ್ತ್ರವುಂಟು. ನೀರು ಕುದಿಯುವ ೧೦೦ ಡಿಗ್ರಿ ಶಾಖಕ್ಕೂ ಸಾಯದ ಸೂಕ್ಷ್ಮಜೀವಿಗಳಿವೆ. ಆದಕಾರಣ ಸಲಕರಣೆಗಳನ್ನು ಮೊದಲು ಉಜ್ಜಿ ತೊಳೆದು, ಒಣಗಿಸಿ, ಪೊಟ್ಟಣ ಕಟ್ಟಿ, ಆಟೋಕ್ಲೇವ್ ಎಂಬ ಯಂತ್ರದಲ್ಲಿ ಒತ್ತಡದ ಹಬೆಯಲ್ಲಿ ೧೨೧ ಡಿಗ್ರಿ ಸೆಂಟಿಗ್ರೇಡ್ ಶಾಖಕ್ಕೆ ಹದಿನೈದು ನಿಮಿಷವಾದರೂ ಇಡಬೇಕು. ತೊಳೆಯದೆ ಒಳಗಿಟ್ಟರೆ ಹಬೆಯೂ ವ್ಯರ್ಥವೇ. ರಕ್ತ ತಗುಲಿದ ಸೂಜಿ ಚುಚ್ಚಿದರೆ ಕಾಮಾಲೆಯನ್ನುಂಟುಮಾಡುವ ಹೆಪಟೈಟಿಸ್-ಬಿ ರೋಗವು ಅಂಟಬಹುದು. ಕೆಲಸಕ್ಕೆ ಸೇರುವವಳು ಅದರ ಚುಚ್ಚುಮದ್ದಿನ ಮೂರು ಸರದಿಗಳನ್ನೂ ಹಾಕಿಸಿಕೊಂಡಿರಬೇಕು. ಇಷ್ಟನ್ನೆಲ್ಲ ನೋಡಿನೋಡಿಯೇ ಕಲಿಯಬಹುದೆಂದರೆ ರೋಗಿಗೂ ಕ್ಷೇಮವಲ್ಲ, ಅವಳಿಗೂ ಕ್ಷೇಮವಲ್ಲ.

ಈ ಉದ್ಯೋಗವು ಬಹಳ ಹಳೆಯದೇನೂ ಅಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ದಂತವೈದ್ಯ ಎಡ್ಮಂಡ್ ಕೆಲ್ಸ್ ಎಂಬವರು ೧೮೮೫ರಲ್ಲಿ ತಮ್ಮ ಚಿಕಿತ್ಸಾಲಯದಲ್ಲಿ ಮಹಿಳೆಯೊಬ್ಬರನ್ನು ಸಹಾಯಕ್ಕೆ ನೇಮಿಸಿಕೊಂಡರೆಂದೂ, ಅದರಿಂದ ಹೆಂಗಸರು ಜೊತೆಗಾರರಿಲ್ಲದೆ ಬರಲು ಧೈರ್ಯಗೊಂಡರೆಂದೂ ಹೇಳುತ್ತಾರೆ. ಅದೇ ದೇಶದ ಬ್ರಿಜ್‌ಪೋರ್ಟ್ ನಗರದಲ್ಲಿ ಆಲ್‌ಫ್ರೆಡ್ ಫೋನ್ಸ್ ಎಂಬ ವೈದ್ಯರು ೧೯೧೩ರಲ್ಲಿ ಹಲ್ಲುಗಳನ್ನು ಶುಚಿಗೊಳಿಸುವವರಿಗಾಗಿ ಪಾಠಶಾಲೆಯನ್ನೇ ತೆರೆದರು. ನಮ್ಮ ದೇಶದಲ್ಲಿ ೧೯೪೮ರ ದಂತವೈದ್ಯರ ಕಾಯಿದೆಯು ವೈದ್ಯರೊಡನೆ ಇನ್ನಿಬ್ಬರನ್ನು ಹೆಸರಿಸಿತು. ಹಲ್ಲುಗಳ ಕಿಟ್ಟ ತೆಗೆದು ಶುಚಿಗೊಳಿಸಿ, ದಂತರಕ್ಷಣೆಯ ಕ್ರಮವನ್ನು ಬೋಧಿಸುವ ಡೆಂಟಲ್ ಹೈಜೀನಿಸ್ಟ್ ಒಬ್ಬರು. ಕಟ್ಟುಹಲ್ಲುಗಳನ್ನು ತಯಾರಿಸಿ ದುರಸ್ತಿ ಮಾಡುವ ಡೆಂಟಲ್ ಮೆಕ್ಯಾನಿಕ್ ಮತ್ತೊಬ್ಬರು. ಕುರ್ಚಿಯ ಪಕ್ಕದಲ್ಲಿ ನಿಲ್ಲುವ ಸಹಾಯಕಿಗೆ ಆ ಕಾಯಿದೆಯಲ್ಲಿ ಹೆಸರು ದೊರೆಯಲಿಲ್ಲ. ಕಾಯಿದೆಯಲ್ಲಿ ಹೆಸರಿಲ್ಲದವರಿಗೆ ಕೈಯಲ್ಲಿರುವ ಪತ್ರವೇ ಗತಿ.

ಇದರ ಕಷ್ಟವನ್ನು ನಾವು ಹತ್ತಿರದಿಂದ ಕಂಡಿದ್ದೇವೆ. ನಮ್ಮ ಹಳೆಯ ಶಿಷ್ಯನೊಬ್ಬನ ಹಿರಿಯ ಮಗಳು ಪಿ.ಯು.ಸಿ. ಮುಗಿಸಿದೊಡನೆ ಊರಿನ ದಂತವೈದ್ಯರೊಬ್ಬರಲ್ಲಿ ಕೆಲಸಕ್ಕೆ ಸೇರಿ, ಒಂಬತ್ತು ವರ್ಷ ದುಡಿದು, ಎಲ್ಲವನ್ನೂ ಅವರ ಕೈಕೆಳಗೇ ಕಲಿತಳು. ವೈದ್ಯರು ವೃದ್ಧಾಪ್ಯದಿಂದ ಚಿಕಿತ್ಸಾಲಯವನ್ನು ಮುಚ್ಚಿದರು. ಅವಳು ನಗರದ ಆಸ್ಪತ್ರೆಯೊಂದಕ್ಕೆ ಹೋದಾಗ ಅಲ್ಲಿಯವರು ಪ್ರಮಾಣಪತ್ರವನ್ನು ಕೇಳಿದರು. ಅದಿಲ್ಲವೆಂದು ತಿಳಿದ ಮೇಲೆ ಹೊಸಬರಿಗೆ ಕೊಡುವ ಸಂಬಳವನ್ನೇ ಗೊತ್ತುಮಾಡಿದರು. ಕಳೆದ ವರ್ಷ ತಂದೆಯು ಕಿರಿಯ ಮಗಳ ವಿಷಯವಾಗಿ ನಮ್ಮಲ್ಲಿಗೆ ಬಂದನು. ಜೊತೆಯಲ್ಲಿ ಹಿರಿಯವಳೂ ಬಂದಿದ್ದಳು.

“ಮೇಷ್ಟ್ರೇ, ಇವಳನ್ನೂ ಎಲ್ಲಾದರೂ ಕೆಲಸಕ್ಕೆ ಸೇರಿಸಿಬಿಡಲೆ? ಎರಡು ವರ್ಷ ಓದಿಸಿದರೆ ಫೀಸೂ ಹೋಯಿತು, ಬರುವ ಸಂಬಳವೂ ಹೋಯಿತು” ಎಂದನು.

ನಾವು ಬಾಯಿ ತೆರೆಯುವ ಮೊದಲೇ ಹಿರಿಯವಳು ಹೇಳಿದಳು: “ಅವಳು ಓದಲಿ ಅಪ್ಪಾ. ಫೀಸು ನಾನು ಕಟ್ಟುತ್ತೇನೆ. ನನ್ನ ಕೈಗೆ ಎಲ್ಲವೂ ಗೊತ್ತು. ಆದರೆ ನನ್ನ ಕೈ ಹೇಳುವುದನ್ನು ಯಾರೂ ನಂಬುವುದಿಲ್ಲ.”

ಇದಕ್ಕಿಂತ ಹೆಚ್ಚಿನ ಉಪದೇಶ ನಮ್ಮಲ್ಲಿರಲಿಲ್ಲ. ಹಳೆಯ ವೈದ್ಯರಿಂದ ಒಂಬತ್ತು ವರ್ಷಗಳ ಸೇವೆಯ ವಿವರವನ್ನು ಬರಹದಲ್ಲಿ ಪಡೆದುಕೊಳ್ಳಮ್ಮಾ ಎಂದಷ್ಟೇ ಆ ಮಗುವಿಗೆ ಹೇಳಿದೆವು. ಅವರು ಸಂತೋಷದಿಂದ ಬರೆದುಕೊಟ್ಟರು. ಕಿರಿಯವಳು ಹೈಜೀನಿಸ್ಟ್ ಶಿಕ್ಷಣಕ್ಕೆ ಸೇರಿದ್ದಾಳೆ.

ಇಂತಹ ಮಕ್ಕಳಿರುವ ಗೃಹಸ್ಥರು ಮಾರ್ಗಗಳನ್ನು ತಿಳಿದಿರುವುದು ಒಳ್ಳೆಯದು. ಸಹಾಯಕರ ಶಿಕ್ಷಣವು ಸಾಮಾನ್ಯವಾಗಿ ಒಂದು ವರ್ಷದ್ದು. ಹೈಜೀನಿಸ್ಟ್ ಮತ್ತು ಮೆಕ್ಯಾನಿಕ್ ಶಿಕ್ಷಣಗಳು ಎರಡೆರಡು ವರ್ಷದವು. ಮುಗಿಸಿದವರು ರಾಜ್ಯದ ಪಟ್ಟಿಯಲ್ಲಿ ಹೆಸರನ್ನು ದಾಖಲೆ ಮಾಡಿಸಿಕೊಳ್ಳಬೇಕು. ಜನರೊಡನೆ ಮಾತನಾಡುವ ಸ್ವಭಾವದವರಿಗೆ ಮೊದಲಿನದು ಒಪ್ಪುತ್ತದೆ. ಒಂದೆಡೆ ಕುಳಿತು ಸೂಕ್ಷ್ಮ ಕೈಗೆಲಸ ಮಾಡುವವರಿಗೆ ಎರಡನೆಯದು ಲೇಸು. ಆದರೆ ಗಣಕಯಂತ್ರಗಳೇ ಹಲ್ಲಿನ ಕವಚವನ್ನು ಕೊರೆಯುವ ಈ ಕಾಲದಲ್ಲಿ ಆ ಯಂತ್ರವಿದ್ಯೆಯನ್ನೂ ಕಲಿಯಬೇಕು. ಸಹಾಯಕಿಯಾಗಿ ಆರಂಭಿಸಿದವಳು ಮುಂದೆ ಶುಚೀಕರಣದ ಮೇಲ್ವಿಚಾರಣೆ, ಸಾಮಗ್ರಿಗಳ ಲೆಕ್ಕ, ಚಿಕಿತ್ಸಾಲಯದ ಆಡಳಿತ ಇವುಗಳನ್ನು ವಹಿಸಿಕೊಳ್ಳಬಹುದು. ೧೯೪೮ರ ಕಾಯಿದೆಯ ಬದಲಿಗೆ ಸಂಸತ್ತು ೨೦೨೩ರಲ್ಲಿ ರಾಷ್ಟ್ರೀಯ ದಂತ ಆಯೋಗದ ಕಾಯಿದೆಯನ್ನು ಅಂಗೀಕರಿಸಿದೆ.

ಹಣ ಕಟ್ಟುವುದಕ್ಕೆ ಮೊದಲು ಮೂರು ಪ್ರಶ್ನೆಗಳನ್ನು ಕೇಳಿರಿ. ಈ ಶಿಕ್ಷಣಕ್ಕೆ ಯಾರ ಮಾನ್ಯತೆಯಿದೆ? ನಿಜವಾದ ರೋಗಿಗಳ ಬಳಿ ಎಷ್ಟು ತಿಂಗಳ ಅಭ್ಯಾಸ ಮಾಡಿಸುತ್ತಾರೆ? ಪರೀಕ್ಷೆ ನಡೆಸಿ ಪತ್ರ ಕೊಡುವವರು ಯಾರು? ಇವಕ್ಕೆ ಬಾಯಿಮಾತಿನ ಉತ್ತರ ಸಾಲದು. ಬರಹದಲ್ಲಿ ಕೊಡದವರಿಗೆ ಹಣ ಕೊಡಬೇಡಿರಿ. ಮನೆಯಲ್ಲಿ ಓದಿದ ಹುಡುಗಿ ಇಲ್ಲದವರೂ ಮುಂದಿನ ಸಲ ದಂತವೈದ್ಯರಲ್ಲಿಗೆ ಹೋದಾಗ, ಪಕ್ಕದಲ್ಲಿ ನಿಂತವಳ ಹೆಸರನ್ನು ಕೇಳಿ ತಿಳಿದುಕೊಳ್ಳಲಿ.