ಮಲ್ಲಾಘಟ್ಟದ ಕೆರೆಗೊಂದು ಪ್ರದಕ್ಷಿಣೆ

ತುರುವೇಕೆರೆ, ನೊಣವಿನಕೆರೆ, ಶೆಟ್ಟಿಕೆರೆ, ಹಂದನಕೆರೆ – ತುಮಕೂರು ಜಿಲ್ಲೆಯ ಪಶ್ಚಿಮದ ಈ ಸೀಮೆಯಲ್ಲಿ ಊರಿನ ಹೆಸರು ಕೇಳಿದರೆ ಕೆರೆಯ ಹೆಸರೇ ಬರುತ್ತದೆ. ವರ್ಷಪೂರ್ತಿ ಹರಿಯುವ ಹೊಳೆಯಿಲ್ಲದ ನಾಡಿನಲ್ಲಿ ಹಿಂದಿನವರು ಮಳೆಯನ್ನೇ ಕಟ್ಟಿ ನಿಲ್ಲಿಸಿ, ಅದರ ಮಗ್ಗುಲಲ್ಲಿ ಮನೆ ಮಾಡಿದರು. ಪ್ರವಾಸಿಗಳಾದ ನಾವು ಮಾತ್ರ ಅರಸೀಕೆರೆಯ ಕಡೆಗೆ ಓಡುವ ರೈಲಿನ ಕಿಟಕಿಯಿಂದ ತೆಂಗಿನ ತೋಟಗಳನ್ನು ನೋಡಿ, "ಆಹಾ!" ಎಂದು ಉದ್ಗರಿಸಿ ಮುಂದೆ ಸಾಗಿಬಿಡುತ್ತೇವೆ.

ಒಂದು ಸಲವಾದರೂ ಬಾಣಸಂದ್ರದಲ್ಲಿ ಇಳಿದು ತುರುವೇಕೆರೆಗೆ ಬನ್ನಿ. ಅಲ್ಲಿಗೆ ಸಮೀಪದಲ್ಲಿಯೇ ಮಲ್ಲಾಘಟ್ಟದ ದೊಡ್ಡ ಕೆರೆ. ಅದರ ದಡದಲ್ಲಿ ಗಂಗಾಧರೇಶ್ವರನ ಗುಡಿ. ಕೆರೆಯನ್ನು ಒಂದು ಸುತ್ತು ಹಾಕುವುದಕ್ಕೆ ಬೆಟ್ಟ ಹತ್ತಬೇಕಾಗಿಲ್ಲ, ಹಗ್ಗ ಹಿಡಿಯಬೇಕಾಗಿಲ್ಲ. ಬುತ್ತಿಯೊಂದು, ಕುಡಿಯುವ ನೀರಿನ ಸೀಸೆಯೊಂದು, ಅವಸರವಿಲ್ಲದ ಒಂದು ಬೆಳಗು – ಇಷ್ಟಿದ್ದರೆ ಮನೆಮಂದಿಯೆಲ್ಲ ಹೊರಡಬಹುದು. ಚಿತ್ತಾ, ಸ್ವಾತಿ ಮಳೆಗಳು ಮುಗಿದ ಮೇಲೆ ಬಂದರೆ ಒಳ್ಳೆಯದು.

ನಡಿಗೆಯನ್ನು ಏರಿಯಿಂದಲೇ ಆರಂಭಿಸಬೇಕು. ಒಂದು ಮಗ್ಗುಲಿಗೆ ಬಟ್ಟಬಯಲಾದ ನೀರು, ಅದರ ಮೇಲೆ ಜೋಲಿ ಹೊಡೆಯುವ ಗಾಳಿ, ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುವ ನೀರುಕಾಗೆ. ಇನ್ನೊಂದು ಮಗ್ಗುಲಿಗೆ, ನಮ್ಮ ಕಾಲಿಗಿಂತ ಬಹಳ ಕೆಳಗೆ, ಅಚ್ಚುಕಟ್ಟು. ತೆಂಗಿನ ತಲೆಗಳನ್ನು ಕತ್ತೆತ್ತಿ ನೋಡುವುದೇ ರೂಢಿಯಾಗಿರುವ ನಗರವಾಸಿಗೆ ಅವನ್ನು ಮೇಲಿನಿಂದ ಇಳಿನೋಡುವ ಸುಖವೇ ಬೇರೆ. ತೋಟದೊಳಕ್ಕೆ ಇಳಿದರೆ ಹಗಲಿನಲ್ಲಿಯೇ ಸಂಜೆ, ಕಾಡೆಂದೇ ಭ್ರಮೆಯಾಗಬೇಕು. ಆದರೆ ಈ ಕಾಡಿನಲ್ಲಿ ಯಾವ ಮರವೂ ತಾನಾಗಿ ಹುಟ್ಟಿದ್ದಲ್ಲ. ಪ್ರತಿಯೊಂದನ್ನೂ ಒಬ್ಬರು ಗುಂಡಿ ತೋಡಿ ನೆಟ್ಟು, ಫಸಲಿಗಾಗಿ ಏಳೆಂಟು ವರ್ಷ ಕಾದಿದ್ದಾರೆ.

ತೂಬನ್ನೂ ಕೋಡಿಯನ್ನೂ ಮಕ್ಕಳಿಗೆ ತೋರಿಸಿ. ತೂಬು ಬೇಕಾದಷ್ಟು ನೀರನ್ನು ಗದ್ದೆಗೆ ಬಿಡುತ್ತದೆ; ಕೋಡಿ ಹೆಚ್ಚಾದುದನ್ನು ಹೊರಹಾಕಿ ಏರಿಯನ್ನು ಉಳಿಸುತ್ತದೆ. ಕೋಡಿ ಹರಿಯುತ್ತಿದ್ದರೆ ಎಷ್ಟೇ ಆಸೆಯಾದರೂ ದಾಟಕೂಡದು. ಪಾಚಿ ಹಿಡಿದ ಕಲ್ಲಿಗೆ ದಾಕ್ಷಿಣ್ಯವಿಲ್ಲ.

ಕೆರೆಯ ಹಿಂಬದಿಗೆ ಬಂದರೆ ದಾರಿಯೆಂಬುದು ದನಗಳು ತುಳಿದದ್ದೇ. ಹೊಂಗೆಯ ನೆರಳು, ಜಾಲಿಯ ಮುಳ್ಳು, ಕೆಸರು. ಕೆಲವೆಡೆ ಬದುಗಳ ಮೇಲೆ ಬಳಸಿ ಬರಬೇಕು. ಅಲ್ಲಿ ಎಮ್ಮೆ ಮೇಯಿಸುತ್ತಿದ್ದ ಹಿರಿಯ ಬೇಸಾಯಗಾರರೊಬ್ಬರು ನಮ್ಮೊಡನೆ ಹೆಜ್ಜೆ ಹಾಕಿದರು. ತೋಟಕ್ಕೆ ನೀರು ಎಷ್ಟು ದಿನಕ್ಕೊಮ್ಮೆ ಹಾಯಿಸುತ್ತೀರಿ ಎಂದು ನನ್ನ ಹೆಂಡತಿ ಕೇಳಿದಳು.

"ಕೆರೆ ತುಂಬಿದ್ರೆ ನಾನ್ಯಾಕೆ ಕಟ್ಲಿ ತಾಯಿ? ಮರಾನೇ ಬೇರು ಬಿಟ್ಕೊಂಡು ಹುಡುಕ್ಕೊಂಡು ಹೋಗಿ ಕುಡಿಯುತ್ತೆ. ಕೆರೆ ಒಣಗ್ತು ಅನ್ನಿ, ಕೊಳವೆಬಾವಿ ಕೊರೆಸ್ಬೇಕು. ನಮ್ಮ ಭಾವಮೈದ ಚಿಕ್ಕನಾಯಕನಹಳ್ಳಿ ಕಡೆ ಎಂಟುನೂರು ಅಡಿ ಕೊರೆಸ್ದ. ಬಂದದ್ದು ಬರೀ ಧೂಳು."

ಈ ಮಾತಿನ ಹಿಂದೆ ದೊಡ್ಡ ಲೆಕ್ಕವಿದೆ. ತೆಂಗಿನ ಹೊಂಬಾಳೆ ಹೊರಗೆ ಕಾಣಿಸಿಕೊಳ್ಳುವುದಕ್ಕೆ ಎರಡೂವರೆ ಮೂರು ವರ್ಷ ಮೊದಲೇ ಅದರ ಮೊಳಕೆ ಮರದ ಸುಳಿಯೊಳಗೆ ರೂಪು ತಾಳಿರುತ್ತದೆ. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯಲು ಇನ್ನೊಂದು ವರ್ಷ. ತಿಪಟೂರಿಗೆ ಹೆಸರು ತಂದಿರುವ ಉಂಡೆ ಕೊಬ್ಬರಿಯಾಗಬೇಕಾದರೆ ಆ ಬಲಿತ ಕಾಯಿ ಎಂಟು ಹತ್ತು ತಿಂಗಳಾದರೂ ಅಟ್ಟದ ಮೇಲೆ ಒಣಗಬೇಕು. ಹೀಗಾಗಿ ಒಂದು ವರ್ಷ ಕೆರೆ ಬತ್ತಿದರೆ ಅದರ ಪೆಟ್ಟು ಆ ವರ್ಷಕ್ಕೇ ಮುಗಿಯುವುದಿಲ್ಲ. ಮುಂದಿನ ವರ್ಷಗಳಲ್ಲಿ, ಮಳೆ ಚೆನ್ನಾಗಿ ಬಂದಾಗಲೂ, ಬರಿಗೊನೆಯಾಗಿ ತೋರುತ್ತದೆ. ಏರಿಯ ಮೇಲೆ ನಿಂತು ನಾವು ಮೆಚ್ಚಿದ ಆ ನೀರು ನೋಟವಷ್ಟೇ ಅಲ್ಲ, ಇನ್ನು ನಾಲ್ಕು ವರ್ಷಗಳ ಆಚೆ ತಿಪಟೂರಿನ ಮಾರುಕಟ್ಟೆಗೆ ಬಂದು ಉತ್ತರದೇಶಕ್ಕೆ ಹೊರಡಬೇಕಾದ ಕೊಬ್ಬರಿ.

ಈಗ ಈ ಕೆರೆಗೆ ಬರಿಯ ಮೋಡವೇ ಗತಿಯಲ್ಲ. ಹಾಸನ ಜಿಲ್ಲೆಯ ಗೊರೂರಿನಲ್ಲಿ ಕಟ್ಟಿದ ಹೇಮಾವತಿಯ ನೀರು ನಾಲೆಯಲ್ಲಿ, ಬಾಗೂರು ನವಿಲೆಯ ಸುರಂಗವನ್ನು ಹಾಯ್ದು ಈ ಸೀಮೆಗೆ ಬರುತ್ತದೆ. ನಾಲೆ ಬಿಟ್ಟರೇ, ಯಾರ ಪಾಲು ಎಷ್ಟು ಎಂಬುದು ಇಲ್ಲಿನ ಪ್ರತಿ ಜಗಲಿಯ ಮಾತು. ಮಳೆಗಾಗಿ ಮುಗಿಲನ್ನು ನೋಡುತ್ತಿದ್ದ ಕಣ್ಣು ಈಗ ನಾಲೆಯ ಗೇಟನ್ನೂ ನೋಡುತ್ತದೆ.

ಮಧ್ಯಾಹ್ನಕ್ಕೆ ತುರುವೇಕೆರೆಗೆ ಮರಳಿದರೆ ಮೂಲೆ ಶಂಕರೇಶ್ವರ, ಚೆನ್ನಕೇಶವ ಎಂಬ ಎರಡು ಹೊಯ್ಸಳ ಗುಡಿಗಳಿವೆ. 13ನೆಯ ಶತಮಾನದಲ್ಲಿ ಮೂರನೆಯ ನರಸಿಂಹನ ದಂಡನಾಯಕನಾಗಿದ್ದ, ಸೋಮನಾಥಪುರವನ್ನು ಕಟ್ಟಿಸಿದ ಸೋಮಣ್ಣನ ಹೆಸರು ಈ ಊರಿಗೂ ಸೇರಿದೆ. ಜನಜಂಗುಳಿಯಿಲ್ಲ, ನಿಧಾನವಾಗಿ ನೋಡಬಹುದು.

ನಾವು ಮಾತ್ರ ಅಲ್ಲಿಗೆ ತಡವಾಗಿ ತಲಪಿದೆವು. ಆ ಹಿರಿಯರು ಮಜ್ಜಿಗೆ ಕುಡಿಯದೆ ಬಿಡುವುದಿಲ್ಲವೆಂದು ಮನೆಗೆ ಕರೆದೊಯ್ದಿದ್ದರು. ಅಟ್ಟದಿಂದ ಒಂದು ಕಾಯಿ ಇಳಿಸಿ ಮಕ್ಕಳ ಕಿವಿಯ ಬಳಿ ಅಲುಗಾಡಿಸಿದರು. ಒಳಗೆ ಕೊಬ್ಬರಿಯ ಉಂಡೆ ಚಿಪ್ಪು ಬಿಟ್ಟು ಲೊಟಲೊಟನೆ ಆಡುತ್ತಿತ್ತು. ಇದು ಯಾವ ಮಳೆಯ ನೀರು ಕುಡಿದ ಕಾಯಿ ಎಂದು ಮಗ ಕೇಳಿದ. ಯಜಮಾನರು ಬೆರಳು ಮಡಿಸುತ್ತ ಒಳಗಿದ್ದ ಹೆಂಡತಿಯನ್ನು ಕೂಗಿ, "ಕೆರೆ ಕೋಡಿ ಬಿದ್ದದ್ದು ಯಾವ ವರ್ಷ ಕಣೇ?" ಎಂದರು. ಇಬ್ಬರ ಲೆಕ್ಕವೂ ಕೂಡಿಬರುವ ಹೊತ್ತಿಗೆ ನಮ್ಮ ಬಸ್ಸು ಹೊರಟುಹೋಗಿತ್ತು.