ಮಗುವಿಗೊಂದು ಹಲ್ಲು

ಬಸುರಿಗೆ ಕೆಮ್ಮು ಬಂದರೆ ಕಷಾಯ ಕೊಡ್ತಾರೆ, ಕಾಲು ಊದಿಕೊಂಡರೆ ದಿಂಬು ಕೊಡ್ತಾರೆ. ಹಲ್ಲುನೋವು ಅಂದರೆ ಮಾತ್ರ ಎಲ್ಲರದೂ ಒಂದೇ ಮಾತು: "ಇನ್ನು ನಾಲ್ಕು ತಿಂಗಳು ತಡ್ಕೋ." ನನಗಾಗ 22 ವಾರ. ಬಲಗಡೆ ಕೆಳದವಡೆಯ ಹಲ್ಲಿಗೆ ಹುಳುಕು ಹಿಡಿದು, ತಣ್ಣೀರು ತಾಗಿದರೆ ಕಿವಿಯವರೆಗೆ ಜುಂ ಅನ್ನುತ್ತಿತ್ತು. ಬಾಳೆಹಣ್ಣನ್ನೂ ಎಡಗಡೆಯಲ್ಲೇ ತಿನ್ನಬೇಕಾದ ಸ್ಥಿತಿ.

ನಮ್ಮತ್ತೆಗೆ ಮೂರು ಮಕ್ಕಳು, ದವಡೆಯಲ್ಲಿ ಮೂರು ಖಾಲಿ ಜಾಗ. "ಮಗುವಿಗೊಂದು ಹಲ್ಲು ಕೊಡ್ಲೇಬೇಕಮ್ಮ, ಅದಕ್ಕೆ ಮೂಳೆ ಕಟ್ಟೋದು ಬೇಡ್ವಾ" ಅನ್ನೋದು ಅವರ ಲೆಕ್ಕ. ಲೆಕ್ಕ ತಾಳೆಯಾಗುತ್ತೆ, ಆದರೆ ನಿಜವಲ್ಲ. ಮಗುವಿಗೆ ಬೇಕಾದ ಕ್ಯಾಲ್ಸಿಯಂ ತಾಯಿಯ ಊಟದಿಂದ ಹೋಗುತ್ತದೆ, ಅದು ಸಾಲದಿದ್ದರೆ ಮೂಳೆಯಿಂದ. ಹಲ್ಲಿನಿಂದಲ್ಲ. ಹಲ್ಲು ಹಾಳಾಗೋದಕ್ಕೆ ಬೇರೆ ಕಾರಣಗಳಿವೆ. ವಾಂತಿಯ ಹುಳಿ ಎನಾಮೆಲ್ಲನ್ನು ಮೆತ್ತಗೆ ಮಾಡುತ್ತೆ. ಹೊಟ್ಟೆ ತೊಳಸುತ್ತೆ ಅಂತ ಗಳಿಗೆಗೊಂದು ಬಿಸ್ಕತ್ತು ತಿಂತೀವಿ. ಬ್ರಷ್ ಬಾಯಿಗಿಟ್ಟರೆ ಓಕರಿಕೆ, ಒಸಡು ಊದಿಕೊಂಡು ರಕ್ತ. ಅಂದಹಾಗೆ, ವಾಂತಿಯಾದ ಕೂಡಲೇ ಹಲ್ಲುಜ್ಜಬಾರದು. ಒಂದು ಲೋಟ ನೀರಿಗೆ ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಬೇಕು.

ನಾನು ಮೊದಲು ಹೋದ ಕ್ಲಿನಿಕ್ಕಿನಲ್ಲಿ ಬಾಯಿಯನ್ನೇ ತೆರೆಸಲಿಲ್ಲ. ಹೊಟ್ಟೆ ನೋಡಿ "ಡೆಲಿವರಿ ಆದ್ಮೇಲೆ ಬನ್ನಿ ಮೇಡಂ" ಅಂದರು. ಮೆಡಿಕಲ್ ಶಾಪಿನಲ್ಲಿ ನೋವಿಗೆ ಮಾತ್ರೆ ಕೇಳಿದರೆ, ಅದೇ ಹೊಟ್ಟೆ ಕಂಡೂ ಐಬುಪ್ರೊಫೇನ್ ಇರುವ ಸ್ಟ್ರಿಪ್ ಮುಂದಿಟ್ಟರು. ತಮಾಷೆ ನೋಡಿ, ಮಾಡಬಹುದಾದ ಚಿಕಿತ್ಸೆಗೆ ಹೆದರಿಕೆ, ಹೆದರಬೇಕಾದ ಮಾತ್ರೆಗೆ ಧೈರ್ಯ! 20 ವಾರ ದಾಟಿದ ಮೇಲೆ ಐಬುಪ್ರೊಫೇನ್, ಡೈಕ್ಲೋಫೆನಾಕ್ ಜಾತಿಯ ಮಾತ್ರೆಗಳು ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಮಾಡಿ ಗರ್ಭದ ನೀರು ಕಡಿಮೆಯಾಗಬಹುದು ಅಂತ ಅಮೆರಿಕದ ಎಫ್‌ಡಿಎ 2020ರಲ್ಲೇ ಎಚ್ಚರಿಸಿದೆ. ಬಸುರಿಯರಿಗೆ ಸಾಮಾನ್ಯವಾಗಿ ಬರೆದುಕೊಡೋದು ಬರೀ ಪ್ಯಾರಸಿಟಮಾಲ್, ಅದೂ ಡಾಕ್ಟರು ಹೇಳಿದಷ್ಟೇ.

ಕೊನೆಗೆ ನನ್ನ ಹೆರಿಗೆ ಡಾಕ್ಟರೇ ಒಂದು ಚೀಟಿ ಬರೆದುಕೊಟ್ಟರು. ಎಷ್ಟು ವಾರ, ಬಿಪಿ ಎಷ್ಟು, ಶುಗರ್ ಎಷ್ಟು, ಹಲ್ಲಿನ ಚಿಕಿತ್ಸೆ ಮಾಡಬಹುದು, ಮರಗಟ್ಟಿಸುವ ಇಂಜೆಕ್ಷನ್ ಕೊಡಬಹುದು. ಅದನ್ನು ಹಿಡಿದು ಇನ್ನೊಬ್ಬ ದಂತವೈದ್ಯೆಯ ಹತ್ತಿರ ಹೋದೆ. ಅತ್ತೆಯೂ ಹೊರಟರು, ನನ್ನನ್ನು ನೋಡಿಕೊಳ್ಳಲೋ ಡಾಕ್ಟರನ್ನು ಕಾವಲು ಕಾಯಲೋ ಗೊತ್ತಿಲ್ಲ.

ಆಕೆ ಮೊದಲು ಮಾಡಿದ ಕೆಲಸ, ನನ್ನ ಬಲ ಸೊಂಟದ ಕೆಳಗೆ ದಿಂಬಿಟ್ಟು ಸ್ವಲ್ಪ ಎಡಕ್ಕೆ ವಾಲಿಸಿದ್ದು. ಅಂಗಾತ ಮಲಗಿದರೆ ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆಸುತ್ತು ಬರುತ್ತಂತೆ. ಆಮೇಲೆ ಸೀಸದ ಏಪ್ರನ್ ಹೊದಿಸಿ ಒಂದೇ ಒಂದು ಎಕ್ಸ್‌ರೇ. "ಎಕ್ಸ್‌ರೇನಾ!" ಅಂತ ಅತ್ತೆ ಎದ್ದೇಬಿಟ್ಟರು. "ಕಿರಣ ಬೀಳೋದು ದವಡೆಗೆ ಅಮ್ಮ, ಹೊಟ್ಟೆಗಲ್ಲ. ಅದೂ ತೀರಾ ಕಡಿಮೆ" ಅಂದರು ಡಾಕ್ಟರು. ಹುಳುಕು ಆಳವಾಗಿತ್ತು, ನರ ಮುಟ್ಟಿರಲಿಲ್ಲ. ಲಿಗ್ನೊಕೇನ್ ಕೊಟ್ಟ ಮೇಲೆ ತುಟಿ ನನ್ನದಲ್ಲವೇನೋ ಅನ್ನಿಸಿತು. ಡ್ರಿಲ್ಲಿನ ಸದ್ದಿಗೆ ನಾನು ಮುಷ್ಟಿ ಬಿಗಿದದ್ದು ಕಂಡು, ಅದನ್ನು ಬದಿಗಿಟ್ಟು, ಪುಟ್ಟ ಚಮಚದಂಥ ಸಲಕರಣೆಯಿಂದ ಕೈಯಲ್ಲೇ ಕೆರೆದು ತೆಗೆದರು. ಗ್ಲಾಸ್ ಅಯೊನೋಮರ್ ಸಿಮೆಂಟು ತುಂಬಿದರು. ಎಲ್ಲ ಸೇರಿ ಮುಕ್ಕಾಲು ಗಂಟೆ, ನಾನು ಎರಡು ಸಲ ಬಾತ್‌ರೂಮಿಗೆ ಎದ್ದಿದ್ದೂ ಸೇರಿ.

"ನಾಲ್ಕು ತಿಂಗಳು ಬಿಟ್ಟಿದ್ರೆ?" ಅಂತ ಅತ್ತೆಯೇ ಕೇಳಿದರು.

"ನರಕ್ಕೆ ಇಳಿದಿರೋದು. ಆಮೇಲೆ ರೂಟ್ ಕೆನಾಲ್, ಇಲ್ಲಾ ಕೀಳೋದು. ನಾಲ್ಕರಿಂದ ಆರು ತಿಂಗಳೊಳಗೆ ಈ ಕುರ್ಚಿಯಲ್ಲಿ ಮಲಗೋದು ಸುಲಭ ಅಷ್ಟೆ. ನೋವು, ಊತ, ಕೀವು ಇದ್ರೆ ಯಾವ ತಿಂಗಳಾದ್ರೂ ಬರಬೇಕು."

ವಾಪಸು ಬರುವಾಗ ಆಟೋದಲ್ಲಿ ಅತ್ತೆ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಹೊರಗೆ ನೋಡುತ್ತಲೇ, "ನಿನ್ನ ಗಂಡ ಹೊಟ್ಟೇಲಿದ್ದಾಗ ಏಳನೇ ತಿಂಗಳು. ಮೂರು ರಾತ್ರಿ ಲವಂಗ ಕಚ್ಕೊಂಡು ಹಿತ್ತಲಲ್ಲಿ ಓಡಾಡಿದ್ದೆ. ಮಗೂಗೋಸ್ಕರ ಅಲ್ವಾ ಅಂದ್ಕೊಂಡು ತಡ್ಕೊಂಡೆ" ಅಂದರು.

ನನ್ನ ಅರ್ಧ ತುಟಿ ಇನ್ನೂ ಮರಗಟ್ಟಿತ್ತು, ಮಾತು ಹೊರಡಲಿಲ್ಲ. ಅವರ ಕೈ ಹಿಡ್ಕೊಂಡೆ. ಮನೆಗೆ ಬಂದವರೇ ಗಂಜಿ ಮಾಡಿ, ಆರಿಸಿ, ಮುಂದೆ ತಂದಿಟ್ಟರು.